ಮೂರನೆಯ ಬುರುಡೆ

ಎರಡು ದೋಣಿಯಲ್ಲಿ ಕಾಲಿಡಬಾರದು ಅನ್ನುತ್ತಾರೆ.
ಇಲ್ಲಿ ಒಂದರಲ್ಲೂ ಇಡುವಂತಿಲ್ಲ.
ಒಂದೇ ಮೀಟರಿನ ಒಡಲು, ಮೇಲೆ ಎದೆಯೆತ್ತರದ ಹಾಯಿ,
ನಾವಿಕರೆಲ್ಲ ದಡದ ಮೇಲೆ,
ಕೊರಳಿಗೆ ಜೋತುಬಿದ್ದ ಡಬ್ಬಿ,
ಡಬ್ಬಿಯಲ್ಲೆರಡು ಕಡ್ಡಿ, ಕಡ್ಡಿಯ ಮೇಲೆ
ಚಳಿಗೆ ನೀಲಿಗಟ್ಟಿದ ಹೆಬ್ಬೆರಳು.

ಬುಧವಾರ, ಹತ್ತು ಗಂಟೆ, ಫೈಫ್‌ನ ಕಡಲತೀರ.
ಉಬ್ಬರದ ನೀರನ್ನು ಹಿಡಿದಿಟ್ಟ ಕಾಂಕ್ರೀಟು ಕೊಳ.
ಕೊಳದಾಚೆ ಗೋಡೆ, ಗೋಡೆಯಾಚೆ
ನಿಜವಾದ ಸಮುದ್ರ, ತನ್ನ ಪಾಡಿಗೆ ಗೊಣಗುತ್ತ,
ಆಟಕ್ಕೆ ಸೇರಿಸಿಕೊಳ್ಳದ ದೊಡ್ಡ ಹುಡುಗನ ಹಾಗೆ.

ನಾನು ರಕ್ಷಣಾ ದೋಣಿಯವನು.
ಪಾಚಿ ಸುತ್ತಿಕೊಂಡು ನಿಂತದ್ದು, ಬ್ಯಾಟರಿ ಸತ್ತು ತೇಲುವುದು,
ಹಂಸ ಅಡ್ಡಗಟ್ಟಿ ಹೆದರಿಸಿದ್ದು
(ಹಂಸಕ್ಕೆ ಯಾವ ನಿಯಮವೂ ಇಲ್ಲ)
ಎಲ್ಲವನ್ನೂ ಹುಟ್ಟು ಹಾಕಿ ಹೋಗಿ ಬಿಡಿಸಿ ತರುತ್ತೇನೆ.
ಈ ನೀರಿನ ಮೇಲೆ ದೋಣಿಯೊಳಗೆ ಕೂತವನು
ನಾನೊಬ್ಬನೇ; ನನ್ನದಕ್ಕೆ ನಂಬರಿಲ್ಲ.

ನಲವತ್ಮೂರು ಮರ್ಡೊನದು.
ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು,
ಫೆರಿ ಹತ್ತಿದರೆ ವಾಂತಿ.
ಹದಿನೇಳು ಡೂಗಲ್‌ನದು.
ಮೀನುಹಡಗಿನಲ್ಲಿ ಐಸ್‌ಲ್ಯಾಂಡಿನವರೆಗೆ ಹೋಗಿಬಂದವನು,
ಮನೆಯಷ್ಟೆತ್ತರದ ಅಲೆಗಳ ಬುರುಡೆ ಬಿಡುವವನು,
ಈ ಸೊಂಟದುದ್ದ ನೀರಿನಲ್ಲಿ
ಪ್ರತಿ ಬುಧವಾರ ಬಸ್ಸಿನವನಿಗೆ ಸೋಲುವವನು.

"ನಿನ್ನತ್ತ ಬರುವಾಗ ಅದರ ಎಡ ನಿನ್ನ ಬಲ,
ಅಷ್ಟೇ ಕಣಪ್ಪ," ಅನ್ನುತ್ತಾನೆ ಮರ್ಡೊ.
"ಕನ್ನಡಿಯಲ್ಲಿ ನೋಡಿ ಬಸ್ಸು ಹಿಂದೆ ತೆಗೆದವನಿಗೆ
ಇದೇನು ಮಹಾ."

ಗಾಳಿ ಬಂದಾಗ ತೂರಿಕೊಳ್ಳುವ ಮಂದಿಯಲ್ಲ ಇವರು,
ಬಾರದಿದ್ದರೂ ಮೂರು ಗಂಟೆ ನಿಲ್ಲುವವರು.
ಹಾಯಿಯ ತುದಿಯ ಉಣ್ಣೆ ದಾರ ನೋಡುತ್ತ,
ಅದು ಮಿಸುಕಿದರೆ ಮಾತು ನಿಲ್ಲಿಸುವವರು.

ಆ ದಿನ ಬಂತು. ಜೊತೆಗೆ ಕಡಲಮಂಜೂ ಬಂತು,
ಗೋಡೆ ಹತ್ತಿ, ಕಾಲೊರೆಸಿಕೊಳ್ಳದೆ ಒಳಗೆ.
ಕೊನೆಯ ಓಟ. ಸೆಂಗಾಳ ಟೇಪು ಎಣಿಸಿತು
ಐದು, ನಾಲ್ಕು, ಮೂರು,
ಒಂಬತ್ತು ಹಾಯಿ ಒಟ್ಟಿಗೆ ವಾಲಿದವು.
"ಹದಿನೇಳು! ನನಗೆ ಜಾಗ!" "ಎಲ್ಲಿದೆಯೋ ಜಾಗ?"
ಆಮೇಲೆ ಬರೀ ಹಗ್ಗದ ಪಟಪಟ.

ಮೂರನೆಯ ಬುರುಡೆ ತೇಲುವುದು ದಡದಿಂದ ಅರವತ್ತು ಮೀಟರು,
ಕಿತ್ತಳೆ ಬಣ್ಣ, ಮಂಜಿನಲ್ಲಿ ಮಾಸಿದ ತುಕ್ಕು.
ಅದರ ಪಕ್ಕ ನಾನು, ಹುಟ್ಟು ಮೇಲೆತ್ತಿ, ಸುಮ್ಮನೆ.
ನಲವತ್ಮೂರು ಬಂತು, ಎರಡು ದೋಣಿಯಷ್ಟು ಮುಂದೆ,
ತಿರುಗಿತು, ಚೆಂದವಾಗಿ, ತೀರ ಹತ್ತಿರದಿಂದ,
ಹಿಂತುದಿ ಬುರುಡೆಗೆ ಸವರಿತು.
ಸವರಿತು ಅಷ್ಟೆ. ಬೆಕ್ಕು ಬಾಗಿಲಿಗೆ ಸವರಿದ ಹಾಗೆ.

ನಾನು ನೋಡಿದೆ.
ಬಾಯಿ ಬಿಡಲಿಲ್ಲ.
ಮುಟ್ಟಿದವನು ತಾನೇ ಒಂದು ಸುತ್ತು ಹಾಕಬೇಕು, ನಿಯಮ.
ನನ್ನ ಕೆಲಸ ಪಾಚಿ ಬಿಡಿಸುವುದು
ಎಂದುಕೊಂಡೆ. ಮರ್ಡೊ ನನ್ನ ಗೆಳೆಯ ಎಂದೂ.
ಹುಟ್ಟಿನಿಂದ ತೊಟ್ಟಿಕ್ಕುವ ಹನಿ ಎಣಿಸಿದೆ. ಒಂದು. ಎರಡು.

ಮೂರನೆಯದು ಬೀಳುವ ಮುನ್ನ
ಆ ಪುಟ್ಟ ಹಾಯಿ ಗಾಳಿಗೆ ಎದೆಗೊಟ್ಟು, ಅದುರಿ,
ಆ ಬದಿಗೆ ಬಿದ್ದು, ಬೆನ್ನು ತಿರುಗಿಸಿ,
ಯಾರೂ ಇಲ್ಲದ ಬಿಳುಪಿನಲ್ಲಿ
ಒಂದು ಪೂರ್ತಿ ಸುತ್ತು ಹಾಕಿತು.
ಹದಿನೇಳು ಅದರ ಪಕ್ಕದಿಂದಲೇ ಹೋಯಿತು.

ಅರ್ಧ ದೋಣಿಯ ಅಂತರ. ಸೆಂಗಾ ಬರೆದುಕೊಂಡಳು.
ಡೂಗಲ್‌ಗೆ ಗೆಲುವನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ,
ಡಬ್ಬಿಯನ್ನು ಎರಡು ಸಲ ಆಫ್ ಮಾಡಿದ.
"ಯಾಕೋ ಸುತ್ತಿದೆ?"
"ಮುಟ್ಟಿದೆ."
"ಈ ಮಂಜಲ್ಲಿ ಹೇಗೆ ಗೊತ್ತು?"
"ಬುರುಡೆ ತಲೆಯಾಡಿಸಿತು."

ಅಲ್ಲಿಂದ ಕಂಡಿರಲು ಸಾಧ್ಯವೇ?
ಕೇಳಲಿಲ್ಲ. ಕೇಳಿದ್ದರೆ
ನನ್ನನ್ನೂ ಕೇಳುತ್ತಿದ್ದರು.

ನಲವತ್ಮೂರರ ಹೊಟ್ಟೆಯ ಮುಚ್ಚಳ ತೆಗೆದು
ಸ್ಪಂಜಿನಿಂದ ನೀರು ಹೀರಿಸುತ್ತ ಕೂತೆ.
ಒಂದು ಚಮಚದಷ್ಟಿತ್ತು.
ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹಿಂಡಿದೆ.